ಮುಂಡರಗಿ ಬಸ್ಸು ಮತ್ತು ಬಾಂಬಿನ ಪಾಳಿ

“ಅಣ್ವಸ್ತ್ರದ ಪ್ರಶ್ನೆ ಬಂದಾಗ ನಮ್ಮ ವಾಚನಾಲಯ ಎರಡು ಹೋಳಾಯಿತು. ಲಕ್ಷ್ಮೇಶ್ವರದ ವಿಜ್ಞಾನ ಶಿಕ್ಷಕರೊಬ್ಬರು ಬಾಂಬಿನ ಪರವಾಗಿ ಗುಡುಗಿದರು. ಅಲ್ಲಿಗೆ ಚರ್ಚಾಕೂಟವೇ ಮುರಿದುಬಿತ್ತು.”

ಬೆಟಗೇರಿಯ ನಮ್ಮ ವಾಚನಾಲಯ ಹೊರತರಲಿರುವ ಸ್ಮರಣ ಸಂಚಿಕೆಯ ಕರಡಚ್ಚಿನಲ್ಲಿ ಈ ಮಾತುಗಳಿವೆ. ತಿದ್ದಿಕೊಡಲು ಅದು ನನ್ನಲ್ಲಿಗೆ ಬಂತು. ಏಳನೆಯ ತರಗತಿಗೆ ಶಾಲೆ ಬಿಟ್ಟು ಗದಗಿನ ಮುದ್ರಣಾಲಯವೊಂದರಲ್ಲಿ ಆಯುಷ್ಯವೆಲ್ಲ ಕರಡು ತಿದ್ದಿದವನು ನಾನು. ನಾನು ಕಲಿತದ್ದೆಲ್ಲ ತಪ್ಪು ಹುಡುಕುತ್ತ ಕಲಿತದ್ದು. ಆದ್ದರಿಂದ ಅಚ್ಚಾಗಿದೆ ಎಂಬ ಒಂದೇ ಕಾರಣಕ್ಕೆ ಒಂದು ಮಾತನ್ನು ನಂಬುವ ಅಭ್ಯಾಸ ನನಗೆ ಹತ್ತಲಿಲ್ಲ. ಮೇಲಿನ ಮಾತುಗಳಲ್ಲಿ ಅಕ್ಷರದೋಷ ಒಂದೂ ಇಲ್ಲ. ಆದರೆ ಮೂರು ವಾಕ್ಯಗಳಲ್ಲಿ ಒಂದೂ ಪೂರ್ತಿ ಖರೆಯಲ್ಲ.

ಮರುಭೂಮಿಯಲ್ಲಿ ಅಣುಪರೀಕ್ಷೆ ನಡೆದ ಬೇಸಿಗೆ ಕಳೆದು ಮಳೆಗಾಲ ಹಿಡಿದಿತ್ತು. ಶನಿವಾರ ಸಂಜೆ, ಕೆಳಗಿನ ಓಣಿಯ ಮಗ್ಗಗಳ ಸದ್ದು ನಿಂತ ಮೇಲೆ, ನಾವು ಏಳೆಂಟು ಮಂದಿ ವಾಚನಾಲಯದ ಮಾಳಿಗೆಯಲ್ಲಿ ಸೇರುತ್ತಿದ್ದೆವು. ದಿಲ್ಲಿಯ ಸಂಶೋಧನ ಸಂಸ್ಥೆಯೊಂದು ಶಸ್ತ್ರ ನಿಯಂತ್ರಣದ ಬಗ್ಗೆ ಇಂಗ್ಲಿಷಿನಲ್ಲಿ ಪತ್ರಿಕೆ ಕಳಿಸುತ್ತಿತ್ತು. ಲಕ್ಷ್ಮೇಶ್ವರದ ಆ ಶಿಕ್ಷಕರು, ನಮ್ಮ ಮಾಸ್ತರರು, ಓದಿ ಕನ್ನಡದಲ್ಲಿ ಹೇಳುವರು, ನಾನು ಬರೆದುಕೊಳ್ಳುವೆ. ‘ಮೊದಲು ನಾವು ಬಳಸುವುದಿಲ್ಲ’ ಎಂದು ಒಂದು ದೇಶ ಕೊಟ್ಟ ಮಾತನ್ನು ಇನ್ನೊಂದು ದೇಶ ಯಾವ ಆಧಾರದ ಮೇಲೆ ನಂಬಬೇಕು? ತಪಾಸಣೆಗೆ ಬಂದವರಿಗೆ ಯಾವ ಬಾಗಿಲು ತೆರೆಯಬೇಕು, ಯಾವುದನ್ನು ಮುಚ್ಚಬಹುದು? ಪುಟಾಣಿ ಹಾಕಿದ ಗಿರಮಿಟ್ಟು ತಿನ್ನುತ್ತ ನಾವು ಇಂಥ ಪ್ರಶ್ನೆಗಳನ್ನು ಜಗ್ಗಾಡುತ್ತಿದ್ದೆವು. ಆ ಮಾಳಿಗೆಯಲ್ಲಿ ಕುಳಿತಾಗ ಜಗತ್ತಿನ ಕೆಲಸದಲ್ಲಿ ನಮ್ಮದೂ ಒಂದು ಎಳೆ ಇದೆ ಎನ್ನಿಸುತ್ತಿತ್ತು. ಆ ಭಾವ ಆಮೇಲೆ ನನಗೆ ಮತ್ತೆಲ್ಲೂ ಸಿಕ್ಕಿಲ್ಲ.

ಕೂಟದ ಹಿರಿಯರು ಒಬ್ಬ ನೇಕಾರರು. ನಾವೆಲ್ಲ ಅವರನ್ನು ಅಜ್ಜಾರು ಎನ್ನುತ್ತಿದ್ದೆವು. ಅವರು ಹಾಕಿಕೊಟ್ಟ ಕಟ್ಟಳೆ ಒಂದೇ: ಪ್ರತಿ ವಾರ ಒಬ್ಬರು, ತಾವು ಒಪ್ಪದ ಪಕ್ಷವನ್ನು ಹಿಡಿದು ಮೊದಲು ಮಾತಾಡಬೇಕು. ಆ ಪಕ್ಷದವರೇ ಬಂದು ಕೇಳಿದರೂ ‘ಹೌದು, ನಮ್ಮ ಮಾತು ಇದೇ’ ಎನ್ನುವಷ್ಟು ಪ್ರಾಮಾಣಿಕವಾಗಿ ಹೇಳಬೇಕು. ಚಹಾ ಆದ ಮೇಲೆ ಅದೇ ಮನುಷ್ಯ ತನ್ನ ನಿಜವಾದ ಉತ್ತರ ಕೊಡಬೇಕು. ಇದಕ್ಕೆ ಎದುರು ಪಾಳಿ ಎಂದು ಹೆಸರು. ಯಾರ ಪಾಳಿ ಯಾವಾಗ ಎಂಬ ಪಟ್ಟಿಯನ್ನು ಅಜ್ಜಾರು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡುತ್ತಿದ್ದರು.

“ಅವನ ಮಾತು ನಿನ್ನ ಬಾಯಾಗ ಹಾಯ್ದು ಬರ್ಲಿ ತಮ್ಮಾ,” ಎಂದು ಅವರು ನನಗೆ ಹೇಳುತ್ತಿದ್ದರು. “ಇಲ್ಲಂದ್ರ ನೀ ಬಡಿದಾಡೂದು ನಿನ್ನ ನೆರಳಿನ ಕೂಡ.”

ಕರಡಿನಲ್ಲಿ ಹೇಳಿದ ಆ ಶನಿವಾರ ಅಣ್ವಸ್ತ್ರ ಇಟ್ಟುಕೊಳ್ಳಲೇಬೇಕು ಎಂಬ ಪಕ್ಷದ ಪಾಳಿ ಇತ್ತು. ಹೊಸಬರು ಬಹಳ ಬಂದಿದ್ದರು. ವಾರಪತ್ರಿಕೆಯೊಂದರ ವರದಿಗಾರನೂ ಇದ್ದ. ಮಾಸ್ತರರು ಎದ್ದು ನಿಂತು ಬಾಂಬಿನ ಪರ ಎಷ್ಟು ಚೆನ್ನಾಗಿ ವಾದಿಸಿದರೆಂದರೆ ಹೊಸಬರು ಚಪ್ಪಾಳೆ ತಟ್ಟಿದರಂತೆ. ಚಹಾ ಬಂತು. ವರದಿಗಾರ ಚಹಾ ಕುಡಿದು ಹುಬ್ಬಳ್ಳಿ ಬಸ್ಸು ಹಿಡಿದ. ಆಮೇಲೆ ಮಾಸ್ತರರು ತಮ್ಮ ವಾದವನ್ನೇ ಒಂದೊಂದಾಗಿ ಬಿಚ್ಚಿಹಾಕಿ ನಿರಸ್ತ್ರೀಕರಣದ ಪರ ನಿಂತದ್ದನ್ನು ಅವನು ಕೇಳಲಿಲ್ಲ. ಮುಂದಿನ ವಾರ ಮೊದಲರ್ಧ ಮಾತ್ರ ಅಚ್ಚಾಯಿತು. ಮಾಸ್ತರರಿಗೆ ‘ಬಾಂಬ್ ಮಾಸ್ತರ’ ಎಂಬ ಹೆಸರು ಅಂಟಿತು. ಪತ್ರಿಕೆಗೆ ಕಾಗದ ಬರೆಯೋಣವೆಂದು ಅಜ್ಜಾರು ಅಂದರು. ಮಾಸ್ತರರು ನಕ್ಕು ಬೇಡವೆಂದರು. ನಾನು ಸುಮ್ಮನಿದ್ದೆ. ಕೂಟವಂತೂ ಮುರಿಯಲಿಲ್ಲ, ಅಜ್ಜಾರು ಇರುವತನಕ ನಡೆಯಿತು.

ಕರಡು ಓದಿದ ಮರುದಿನ ನಾನು ಲಕ್ಷ್ಮೇಶ್ವರಕ್ಕೆ ಹೋದೆ. ಮಾಸ್ತರರಿಗೆ ಈಗ ಕಣ್ಣು ಮಂದ. ಆ ಮೂರು ವಾಕ್ಯಗಳನ್ನು ನಾನೇ ಓದಿ ಹೇಳಿದೆ.

“ಊರ ಮಂದಿ ಅಂದಾಗ ನಕ್ಕೀನ್ರಿ,” ಎಂದರು. “ಆದ್ರ ನನ್ನ ಮಗಳು ಶಿರಹಟ್ಟಿ ಕಾಲೇಜಿನ್ಯಾಗ ಇದೇ ಶಸ್ತ್ರ ನಿಯಂತ್ರಣದ ಪಾಠ ಮಾಡತಾಳ. ಹೋದ ತಿಂಗಳ ಯಾರೋ ಹುಡುಗ ಎದ್ದು, ‘ನಿಮ್ಮ ಅಪ್ಪಾರು ಬಾಂಬ್ ಬೇಕು ಅಂದವ್ರಂತಲ್ರಿ ಮೇಡಂ’ ಅಂದನಂತ. ಮನಿಗೆ ಬಂದು, ‘ಖರೆ ಏನ್ ಅಪ್ಪಾ?’ ಅಂತ ಕೇಳಿದ್ಲು. ಆವತ್ತು ನನಗ ಊಟ ಸೇರಲಿಲ್ಲ.”

“ನೀವು ಹೇಳಬೇಕಿತ್ತಲ್ರಿ, ಅದು ಪಾಳಿ ಅಂತ.”

“ಹೇಳೀನ್ರಿ. ‘ಪಾಳಿ ಇದ್ರ ಪಟ್ಟಿಯಾಗ ನಿನ್ನ ಹೆಸರು ಇರಬೇಕಲ್ಲ’ ಅಂದ್ಲು. ಪಟ್ಟಿಯಾಗ ಯಾರ ಹೆಸರಿತ್ತು, ನಿಮಗ ಗೊತ್ತೈತಿ.”

ಗೊತ್ತಿತ್ತು. ಅದು ನನ್ನ ಪಾಳಿ. ಮುದ್ರಣಾಲಯದ ಲಗ್ನಪತ್ರಿಕೆಗಳನ್ನು ಮುಟ್ಟಿಸಲು ನಾನು ಅಂದು ಮುಂಡರಗಿಗೆ ಹೋಗಿದ್ದೆ. ಬಾಂಬಿನ ಪರವಾದ ಒಂದು ಮಾತೂ ನನ್ನ ಬಾಯಿಂದ ಬರಕೂಡದೆಂಬ ಹಟ ಒಳಗೇ ಇತ್ತು. ಮಧ್ಯಾಹ್ನದ ಬಸ್ಸು ಕಣ್ಣೆದುರು ನಿಂತು, ತುಂಬಿ, ಹೊರಟಿತು, ನಾನು ಹತ್ತಲಿಲ್ಲ. ವಾಚನಾಲಯದ ಕೆಳಗಿನ ಕಿರಾಣಿ ಅಂಗಡಿಗೆ ಫೋನು ಮಾಡಿ, ಬಸ್ಸು ಬಂದಿಲ್ಲವೆಂದು ಹೇಳಿಸಿದೆ. ಇಷ್ಟು ವರ್ಷ ಯಾರಿಗೂ ಹೇಳದ ಈ ಮಾತನ್ನು ಮಾಸ್ತರರ ಎದುರು ಆಡಲೆಂದು, “ಆವತ್ತು ಮುಂಡರಗಿ ಬಸ್ಸು...” ಎಂದು ಸುರು ಮಾಡಿದೆ.

ಅಷ್ಟರಲ್ಲಿ ಚಹಾ ತಂದ ಅವರ ಮನೆಯವರು ಬಾಗಿಲಲ್ಲೇ ನಿಂತು, “ಆ ದಿನದ ಮುಂಡರಗಿ ಬಸ್ಸಿನ ಸುದ್ದಿ ಏನ್ರಿ? ತವರಿಂದ ನಾ ಅದರಾಗ ಬಂದೀನಿ. ಸೀಟ್ ಸೈತ ಸಿಕ್ಕಿತ್ತು,” ಎಂದರು.

“ಅಂದ್ರ ನಿಮಗ ಆವತ್ತೇ ಗೊತ್ತಿತ್ತು,” ಎಂದೆ ಮಾಸ್ತರರಿಗೆ.

“ಗೊತ್ತಿತ್ತು. ನೀವಾಗಿ ಹೇಳ್ತೀರಿ ಅಂತ ಕಾಯ್ದೆ. ಚಾ ಆರತೈತಿ, ಕುಡೀರಿ.”

ಚಹಾ ಕುಡಿದೆ. ಗದಗಿಗೆ ಮರಳಿದ ಮೇಲೆ ಕರಡಿನ ಆ ಮೂರು ವಾಕ್ಯಗಳನ್ನು ಹೊಡೆದು, ಅಂಚಿನಲ್ಲಿ ‘ಬದಲಿಗೆ ಲಗತ್ತಿಸಿದ ಬರಹ ಸೇರಿಸುವುದು’ ಎಂದು ಬರೆದೆ. ಆ ಬರಹ ಇದೇ. ಇದರ ಮೊದಲ ಪ್ರತಿಯನ್ನು ಶಿರಹಟ್ಟಿಗೆ, ಮಾಸ್ತರರ ಮಗಳಿಗೆ ಕಳಿಸಿದ್ದೇನೆ.

ನನ್ನ ಮಾತನ್ನೂ ಯಾರೂ ಸುಮ್ಮನೆ ನಂಬಬೇಕಾಗಿಲ್ಲ. ನಡಾವಳಿ ಪುಸ್ತಕ ವಾಚನಾಲಯದ ಕಿಟಕಿ ಪಕ್ಕದ ಕಪಾಟಿನಲ್ಲಿದೆ, ಕೇಳಿದವರಿಗೆ ತೆಗೆದುಕೊಡುತ್ತಾರೆ. ಮೊದಲ ಪುಟದ ಪಟ್ಟಿಯಲ್ಲಿ ನನ್ನ ಹೆಸರಿನ ಮೇಲೆ ಅಜ್ಜಾರು ಕೆಂಪು ಮಸಿಯಲ್ಲಿ ಗೆರೆ ಎಳೆದು ಪಕ್ಕದಲ್ಲಿ ಬರೆದಿದ್ದಾರೆ: “ಮುಂಡರಗಿ ಬಸ್ಸು ಬಂದಿಲ್ಲ. ಇವರ ಪಾಳಿಗೆ ಮಾಸ್ತರರು ನಿಲ್ಲುವರು.” ಎರಡನೆಯ ವಾಕ್ಯ ಖರೆ. ಮೊದಲನೆಯದರ ಬಗ್ಗೆ ಲಕ್ಷ್ಮೇಶ್ವರದಲ್ಲಿ, ಆ ಬಸ್ಸಿನಲ್ಲಿ ಕುಳಿತು ಬಂದವರನ್ನೇ ಕೇಳಬಹುದು.