ಮುಖ ಮುಚ್ಚುವ ಬಟ್ಟೆ

ಈಗಷ್ಟೇ ಬೆಳಕು ಹರಿಯುತ್ತಿದೆ. ಜೈಲಿನ ಹೊಲಿಗೆ ಕೋಣೆಯಲ್ಲಿ ಆಕೆ ಹೊಲಿದು ಮುಗಿಸಿದ ಕಪ್ಪು ಮುಸುಕನ್ನು ಒಳಮಗ್ಗುಲು ಹೊರಗೆ ಮಾಡಿ, ಹೊಲಿಗೆಯ ಉದ್ದಕ್ಕೂ ಬೆರಳಾಡಿಸುತ್ತಾರೆ. ಒಂದು ಕಡೆ ನೂಲಿನ ಗಂಟು ಚುಚ್ಚುತ್ತದೆ. ಹಲ್ಲಿನಿಂದ ಕಡಿದು ತೆಗೆಯುತ್ತಾರೆ. ಆಮೇಲೆ, ಇವರ ಬಗ್ಗೆ ಬರೆಯಲೆಂದು ಬಂದ ನಾನು ನೋಡನೋಡುತ್ತಿದ್ದಂತೆ, ಅದನ್ನು ತಮ್ಮ ತಲೆಗೇ ಹಾಕಿಕೊಂಡು ಸ್ಟೂಲಿನ ಮೇಲೆ ಸುಮ್ಮನೆ ಕೂರುತ್ತಾರೆ. ಉಸಿರೆಳೆದಾಗ ಬಟ್ಟೆ ಒಳಹೋಗುತ್ತದೆ, ಬಿಟ್ಟಾಗ ಉಬ್ಬುತ್ತದೆ. ನಾನು ಸರಕ್ಕನೆ ಹಿಂದೆ ಸರಿಯುತ್ತೇನೆ.

“ಹೆದರ್ಕೋಬೇಡಿ,” ಎನ್ನುತ್ತದೆ ಒಳಗಿನ ದನಿ. “ಉಸಿರಾಡೋಕಾಗುತ್ತಾ ಇಲ್ವಾ ನೋಡ್ಬೇಡ್ವಾ? ಹಾಕ್ಕೊಂಡೋರು ವಾಪಸ್ ಬಂದು ದೂರು ಹೇಳೋ ಹಾಗಿಲ್ವಲ್ಲ.”

ಗಲ್ಲಿಗೇರುವವರ ಮುಖಕ್ಕೆ ಹಾಕುವ ಮುಸುಕು ಹೊಲಿಯುವವರು ಇವರು. ಕೈದಿಗಳಿಗೂ ಕಾವಲುಗಾರರಿಗೂ ‘ಹೊಲಿಗೆಯಕ್ಕ’. ಗಂಡ ಇದೇ ಕೋಣೆಯಲ್ಲಿ ದರ್ಜಿಯಾಗಿದ್ದವರು. ಅವರು ತೀರಿಕೊಂಡಾಗ ಮೆಷಿನ್ನೂ ಕೆಲಸವೂ ಇವರ ಪಾಲಿಗೆ ಬಂದವು. ದಿನವೆಲ್ಲ ಕೈದಿಗಳ ಅಂಗಿ, ಚಡ್ಡಿ, ಹರಿದ ಹೊದಿಕೆ. ಸಂಜೆಗೆ ಸೊಂಟ ಸೆಟೆದುಹೋಗುತ್ತದೆ. ಮುಸುಕಿನ ಕೆಲಸ ಬರುವುದು ಅಪರೂಪ. ಬಂದಾಗ ಹೊಸ ಬಟ್ಟೆ ಮುಟ್ಟುವುದಿಲ್ಲ. ಒಗೆದು ಒಗೆದು ಮೆತ್ತಗಾದದ್ದೇ ಆಗಬೇಕು. ಮೂಗಿನ ಮೇಲೆ ಹೊಲಿಗೆ ಬರಕೂಡದು.

ಈ ಸಲ ಮುಸುಕೇ ಬೇಡವೆಂದು ಆದೇಶ ಬಂದಿದೆ. ಕಳ್ಳತನಕ್ಕೆ ಹೋಗಿ ಅಂಗಡಿಯವನನ್ನೂ ಅವನ ಪುಟ್ಟ ಮಗಳನ್ನೂ ಕೊಂದವನಿಗೆ ಶುಕ್ರವಾರ ಗಲ್ಲು. ಜನಕ್ಕೆ ಬುದ್ಧಿ ಬರಲೆಂದು ಜೈಲಿನೊಳಗಲ್ಲ, ಊರ ಮೈದಾನದಲ್ಲಿ. ದೊಡ್ಡ ವಿಡಿಯೋ ಪರದೆ ಬೇರೆ ಕಟ್ಟುತ್ತಿದ್ದಾರೆ. ಹಿಂದೆ ನಿಂತವರಿಗೂ ಮುಖ ಕಾಣಬೇಕಂತೆ.

“ಬೇಡ ಅಂದ್ರೂ ಹೊಲಿದ್ರಾ?”

“ಹೊಲಿದೆ. ನನ್ನ ಹಳೇ ಲಂಗದ ಬಟ್ಟೆ. ಸರ್ಕಾರಕ್ಕೇನು ನಷ್ಟ?”

ಜೈಲಿನ ಗೋಡೆಗೆ ಅಂಟಿಕೊಂಡೇ ಇವರ ಮನೆ. ಬೆಳಗಿನ ಊಟಕ್ಕೆ ಹೋದರೆ, ಮಗುವನ್ನು ಸೊಂಟಕ್ಕೇರಿಸಿಕೊಂಡ ಸೊಸೆ ನನ್ನೆದುರೇ ಅತ್ತೆಯನ್ನು ತರಾಟೆಗೆ ತೆಗೆದುಕೊಳ್ಳುತ್ತಾಳೆ.

“ಆ ಮಗೂನ ಸಾಯಿಸೋವಾಗ ಅವನಿಗೆ ಕರುಣೆ ಬಂತಾ ಅತ್ತೆ? ಅವನ ಮುಖ ನೋಡ್ಬೇಕು ಅಂತ ಆ ಅಂಗಡಿಯವನ ಹೆಂಡ್ತಿ ಕಾಯ್ತಾ ಕೂತಿದ್ದಾಳೆ. ನಮ್ಮ ಕೂಸಿಗೇ ಹೀಗಾಗಿದ್ರೆ?”

“ನಾನೂ ನೋಡ್ಲೇಬೇಕು ಅಂತಿದ್ದೆ ಕಣೇ. ಎಲ್ಲರನ್ನೂ ತಳ್ಕೊಂಡು ಮುಂದೆ ಹೋಗಿ ನಿಲ್ತಿದ್ದೆ. ಅದಕ್ಕೇ ಇಂಥ ತೀರ್ಮಾನಾನ ಆಗ ನನ್ನ ಕೈಗೆ ಕೊಡಬಾರ್ದು.”

“ನಿಮ್ಮ ಹತ್ರ ಮಾತಾಡಿ ಗೆದ್ದೋರುಂಟಾ,” ಎಂದು ಗೊಣಗುತ್ತಲೇ ಸೊಸೆ ಅತ್ತೆಯ ತಟ್ಟೆಗೆ ಇನ್ನಷ್ಟು ಬಡಿಸುತ್ತಾಳೆ.

ಕೈತೊಳೆದವರೇ ಮುಸುಕನ್ನು ಕಾಗದದಲ್ಲಿ ಸುತ್ತಿಕೊಂಡು ಜೈಲರ್ ಕೋಣೆಗೆ ಹೊರಡುತ್ತಾರೆ. ಜೈಲರ್ ಕೆಟ್ಟವರಲ್ಲ. ಮೇಜಿನ ಮೇಲೆ ಬಿಚ್ಚಿಟ್ಟ ಬಟ್ಟೆಯನ್ನು ಮುಟ್ಟದೆ ನೋಡುತ್ತಾರೆ.

“ಮೇಲಿನ ಆದೇಶ ಅಕ್ಕ. ನಾನೇನ್ ಮಾಡ್ಲಿ?”

“ಸಾರ್, ಮೈದಾನಕ್ಕೆ ಮಕ್ಕಳೂ ಬರ್ತಾವೆ. ಆ ಮುಖಾನ ಮನೇಗೆ ಹೊತ್ಕೊಂಡು ಹೋಗ್ತಾವೆ. ಒಂದ್ಸಲ ಗಲ್ಲಿನ ಹೊತ್ತಲ್ಲಿ ಮುಸುಕು ಜಾರಿ ನಮ್ಮ ಯಜಮಾನ್ರು ಆ ಮುಖ ನೋಡ್ಬಿಟ್ರು. ಆಮೇಲೆ ಬದುಕಿರೋ ತನಕ ಕನ್ನಡಿ ಮುಂದೆ ನಿಂತು ಗಡ್ಡ ಹೆರ್ಕೊಳ್ಳಲಿಲ್ಲ. ಗೋಡೆ ಕಡೆ ತಿರುಗಿ, ಕೆನ್ನೆ ತಡವ್ಕೊಂಡೇ ಹೆರ್ಕೊಳ್ಳೋರು. ಒಬ್ಬನಿಗೆ ಶಿಕ್ಷೆ ಅಂದ್ರಿ. ಊರಿಗೆಲ್ಲ ಯಾಕೆ?”

ಜೈಲರ್ ನಮ್ಮನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ಫೋನ್ ಎತ್ತುತ್ತಾರೆ. ಬಾಗಿಲಾಚೆ ಅವರ ದನಿ ಏರುತ್ತದೆ, ಇಳಿಯುತ್ತದೆ, ಸುಮಾರು ಹೊತ್ತು “ಹೌದು ಸಾರ್” ಅಷ್ಟೇ ಕೇಳಿಸುತ್ತದೆ. ಹೊಲಿಗೆಯಕ್ಕ ಸೆರಗಿನ ತುದಿಯನ್ನು ಸುತ್ತುತ್ತಾರೆ, ಬಿಚ್ಚುತ್ತಾರೆ. ಕೊನೆಗೆ ಜೈಲರ್ ಒಳಗೆ ಕರೆದು ಹೇಳುತ್ತಾರೆ: ಗಲ್ಲು ಮೈದಾನದಲ್ಲೇ, ಪರದೆಯೂ ಇರುತ್ತದೆ. ಆದರೆ ಮುಸುಕು ಹಾಕಬಹುದು.

ಸುದ್ದಿ ನಮಗಿಂತ ಮೊದಲೇ ಹೊಲಿಗೆ ಕೋಣೆ ಮುಟ್ಟಿದೆ. “ಗೆದ್ಬಿಟ್ರಲ್ಲ ಹೊಲಿಗೆಯಕ್ಕ!” ಎಂದು ಕಾವಲುಗಾರನೊಬ್ಬ ಬಾಗಿಲಲ್ಲೇ ಕೂಗುತ್ತಾನೆ. ಆಕೆ ನಗುವುದಿಲ್ಲ. ಮೆಷಿನ್ ಮುಂದೆ ಕೂತು, ಸೂಜಿಗೆ ನೂಲು ಪೋಣಿಸುತ್ತಾ ನನಗೆ ಹೇಳುತ್ತಾರೆ:

“ಗೆದ್ದೆ ಅಂತ ಮಾತ್ರ ಬರೀಬೇಡಿ. ಮುಖ ಮುಚ್ಚಿಸ್ದೆ, ಅಷ್ಟೇ. ಕೊರಳಿನ ಹಗ್ಗ ಹಾಗೇ ಇದೆಯಲ್ಲ.”