ಎದುರು ಕುರ್ಚಿಯಲ್ಲಿ ಕುಳಿತ ಮೇಡಂ

ಮಾನವ ಸಂಪನ್ಮೂಲ ವಿಭಾಗವೆಂದರೆ ಹಾಜರಿ, ರಜೆ, ಸಂಬಳಗಳ ಉಸ್ತುವಾರಿಯಷ್ಟೇ ಎಂದು ಎಲ್ಲರೂ ತಿಳಿದಿದ್ದ ಕಾಲದಲ್ಲಿ, ಆ ವೃತ್ತಿಗೆ ಹೊಸದಾಗಿ ಕಾಲಿಡುವ ಎಳೆಯರನ್ನು ಕೈಹಿಡಿದು ಬೆಳೆಸುವುದೇ ತಮ್ಮ ಮೊದಲ ಕರ್ತವ್ಯವೆಂದು ನಂಬಿ, ನಂಬಿದಂತೆಯೇ ನಡೆದವರು ನಮ್ಮ ಮಾನ್ಯ ಮೇಡಂ. ಔಷಧ ಕಾರ್ಖಾನೆಯ ಹಾಜರಿ ಗುಮಾಸ್ತೆಯಾಗಿ ಸೇವೆ ಆರಂಭಿಸಿ, ಇಂದು ವಿಭಾಗದ ಮುಖ್ಯಸ್ಥೆಯಾಗಿ ನಿವೃತ್ತರಾಗುತ್ತಿರುವ ಅವರ ಕೈಯಲ್ಲಿ ಪಳಗಿದವರು ಹಲವು ಸಂಸ್ಥೆಗಳಲ್ಲಿ ಹಿರಿಯ ಸ್ಥಾನಗಳಲ್ಲಿದ್ದಾರೆ. ಆ ಪೈಕಿ ಒಬ್ಬಾಕೆಗೆ ಬಡಿದ ಆಘಾತವೊಂದನ್ನು ಇಲ್ಲಿ ಸ್ಮರಿಸುವುದು ಉಚಿತವೆಂದು ತೋರುತ್ತದೆ.

ಆಕೆ ತರಬೇತಿಗೆ ಸೇರಿದಾಗ ಕಾರ್ಖಾನೆಯವರು ಇಟ್ಟ ಹೆಸರು 'ಮರಿ ಮೇಡಂ'. ಮೇಡಂ ಅವಳಿಗೆ ಕುರ್ಚಿ ಕೊಡಲಿಲ್ಲ. ಮೊದಲು ಮಾತ್ರೆ ಪ್ಯಾಕ್ ಮಾಡುವ ಹೆಂಗಸರ ಸಾಲಿನಲ್ಲಿ ನಿಲ್ಲಿಸಿದರು. ಕಾಲು ಊದಿಸಿಕೊಂಡು ಬಂದವಳಿಗೆ, "ಈಗ ಗೊತ್ತಾಯ್ತಾ, ಅವರು ಯಾಕೆ ಸಿಡಿಮಿಡಿ ಅಂತಾರೆ ಅಂತ?" ಎಂದು ಕೇಳಿ ತಮ್ಮ ಚಪ್ಪಲಿಯನ್ನೇ ಬಿಚ್ಚಿಕೊಟ್ಟರು. ಅವಳು ನಡೆಸಿದ ಮೊದಲ ಸಂದರ್ಶನದಲ್ಲಿ ಬಾಯಿ ಕಟ್ಟಿಹೋದಾಗ, ಬಂದ ಅಭ್ಯರ್ಥಿಗೆ ಸುಳಿವೂ ಸಿಗದಂತೆ ಮಾತು ಎತ್ತಿಕೊಂಡು ಮಾನ ಉಳಿಸಿದರು. ಮರಿ ಮೇಡಂ ಪಾಲಿಗೆ ಅವರು ತಪ್ಪೇ ಮಾಡದ ಮನುಷ್ಯರಾಗಿಬಿಟ್ಟಿದ್ದರು.

ಹೀಗಿರುವಾಗ, ತಪಾಸಣೆಗೆ ಬಂದ ಅತಿಥಿಗಳನ್ನು ಕರೆದೊಯ್ಯಬೇಕಿದ್ದ ಹಿರಿಯ ಡ್ರೈವರ್ ಒಬ್ಬರು ಪೋರ್ಟಿಕೋದಲ್ಲಿ ತೂರಾಡಿದರು. "ಕುಡಿದು ಬಂದು ಗಾಡಿ ಮುಟ್ತೀರಾ? ಕೀ ಕೊಡಿ!" ಎಂದು ಮೇಡಂ ಎಲ್ಲರೆದುರು ಗದರಿದರು. ಆ ಮನುಷ್ಯನಿಗೆ ಇದ್ದದ್ದು ಸುಡು ಜ್ವರ. ಚೇತರಿಸಿಕೊಂಡವರೇ ಅವರು ನೆಟ್ಟಗೆ ನಿರ್ದೇಶಕರ ಕೋಣೆಗೆ ಬಂದು ಮೇಡಂ ಮೇಲೆ ದೂರು ಹೇಳಿದರು.

"ಹೋಗ್ಲಿ ಬಿಡ್ರೀ, ಒಂದು ಕಪ್ ಚಹಾದಲ್ಲಿ ಮುಗಿಯೋ ವಿಷಯ," ಎಂದು ನಿರ್ದೇಶಕರು ಮೇಡಂ ಅವರನ್ನು ಕರೆಸಿ ಡ್ರೈವರ್‌ಗೆ ಸಮಾಧಾನ ಹೇಳಿದರು.

"ಬಿಡೋದು ಬಿಡದೇ ಇರೋದು ಅವರಿಗೆ ಸೇರಿದ್ದು ಸಾರ್. ವಿಚಾರಣೆ ಆಗ್ಲಿ. ಯಾರು ನಡೆಸಬೇಕು ಅಂತಲೂ ಅವರೇ ಹೇಳ್ಲಿ," ಎಂದರು ಮೇಡಂ.

ಡ್ರೈವರ್ ಬೆರಳು ತೋರಿದ್ದು ಮೇಡಂ ಜೊತೆ ಬಂದು ಮೂಲೆಯಲ್ಲಿ ನಿಂತಿದ್ದ ಮರಿ ಮೇಡಂ ಕಡೆಗೆ. "ಈ ಹುಡುಗಿ ಕೇಳ್ಲಿ. ಇವರಿಗೆ ಇನ್ನೂ ನಮ್ಮೋರು, ಬೇರೆಯೋರು ಅನ್ನೋ ಭೇದ ಬಂದಿಲ್ಲ."

ಮರಿ ಮೇಡಂ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಕಾಯಂ ಮಾಡಬೇಕಾದವರೂ ಇದೇ ಮೇಡಂ. ಮನೆಯಲ್ಲಿ ಅಮ್ಮ, "ತಲೆ ನೆಟ್ಟಗಿದೆಯೇನೇ ನಿಂಗೆ? ಕೆಲಸ ಕಲಿಸಿದವರನ್ನೇ ಕಟಕಟೆ ಹತ್ತಿಸ್ತೀಯಾ?" ಎಂದು ಹೌಹಾರಿದರು. "ಸುಮ್ನಿರಮ್ಮ, ಅವಳಿಗೆ ಬೇರೆ ಕೆಲಸ ಹುಡುಕೋಕೆ ಇವತ್ತೇ ಶುರು ಮಾಡೋಣ," ಎಂದ ಅಣ್ಣ.

ವಿಚಾರಣೆಯ ದಿನ ಮೇಡಂ ಬಾಗಿಲು ತಟ್ಟಿ, ಅನುಮತಿ ಕೇಳಿ ಒಳಗೆ ಬಂದು, ಡ್ರೈವರ್ ಪಕ್ಕದಲ್ಲಿ, ಅವಳ ಎದುರು ಕುರ್ಚಿಯಲ್ಲಿ ಕುಳಿತರು. ಅಭ್ಯಾಸಬಲದಿಂದ ಎದ್ದು ನಿಂತವಳನ್ನು ಕಣ್ಣಲ್ಲೇ ಕೂರಿಸಿದರು.

"ಅವರಿಂದ ಕುಡಿದ ವಾಸನೆ ಬಂತಾ, ಮೇಡಂ?"

"ಇಲ್ಲ."

"ಏನಾಯ್ತು ಅಂತ ಅವರನ್ನ ಕೇಳಿದ್ರಾ?"

"ಇಲ್ಲ."

"ಮತ್ತೆ ಕುಡಿದಿದ್ದಾರೆ ಅಂತ ಹೇಗೆ ಅಂದ್ರಿ?"

"ಡ್ರೈವರ್ ಅಲ್ವಾ, ಕುಡಿದೇ ಇರ್ತಾರೆ ಅಂದ್ಕೊಂಡೆ."

ಮರಿ ಮೇಡಂ ಬರೆಯುತ್ತಿದ್ದ ಪೆನ್ನು ಕೆಳಗಿಟ್ಟಳು. ಕೆಲಸದ ಹೆಸರು ನೋಡಿ ಮನುಷ್ಯನನ್ನು ಅಳೆಯಬೇಡಿ ಎಂದು ತನಗೆ ಕಲಿಸಿದ ಬಾಯಿಯಿಂದಲೇ ಈ ಮಾತು! ಅವರು ನೆಪ ಹೇಳಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳೇನೋ. ಈ ಬೆತ್ತಲೆ ನಿಜವನ್ನು ಅವಳಿಗೆ ಅರಗಿಸಿಕೊಳ್ಳಲಾಗಲಿಲ್ಲ. ಕೊನೆಗೆ ಹೇಳಿದಳು: ತಪ್ಪು ಮೇಡಂ ಅವರದೇ, ಗದರಿದ ಜಾಗದಲ್ಲೇ, ಕಂಡವರ ಎದುರೇ ಕ್ಷಮೆ ಕೇಳಬೇಕು.

ಮರುದಿನ ಪೋರ್ಟಿಕೋದಲ್ಲಿ ಮೇಡಂ ಕೈಮುಗಿದರು. ಇಡೀ ಕಾರ್ಖಾನೆ ದಂಗಾಗಿ ನಿಂತಿತ್ತು. ಡ್ರೈವರ್, "ಆಯ್ತಮ್ಮಾ. ಅಪ್ಪ ಕುಡೀತಾರಂತೆ ಹೌದಾ ಅಂತ ಮಗಳು ಕೇಳಿದ್ಲು. ಇವತ್ತು ಮನೆಗೆ ತಲೆಯೆತ್ತಿ ಹೋಗ್ತೀನಿ," ಎಂದರು.

ಕೆಲಸ ಹೋಯಿತೆಂದೇ ತಿಳಿದು ಮೇಡಂ ಕೋಣೆಗೆ ಹೋದ ಮರಿ ಮೇಡಂಗೆ ಮತ್ತೊಂದು ಆಘಾತ ಕಾದಿತ್ತು. "ನಿನ್ನ ಕಾಯಮಾತಿ ವಿಷಯ ದೂರು ಬಂದ ದಿನವೇ ನಿರ್ದೇಶಕರಿಗೆ ಒಪ್ಪಿಸಿಬಿಟ್ಟೆ. ಅದು ನನ್ನ ಕೈಯಲ್ಲಿಲ್ಲ. ನೀನು ತೀರ್ಪು ಸರಿಯಾಗೇ ಕೊಟ್ಟೆ. ಆದ್ರೆ ನಿನ್ನೆ ನಾವು ಒಳಗೆ ಬಂದ ತಕ್ಷಣ ನೀನು ನನಗೆ ನೀರು ತರಿಸಿದೆ, ಅವರಿಗೆ ತರಿಸಲಿಲ್ಲ. ಅವರು ಅದನ್ನ ನೋಡಿದ್ರು."

ಬೈಗುಳಕ್ಕೆ ಸಿದ್ಧಳಾಗಿ ಹೋದವಳು ಪಾಠ ಹೊತ್ತು ಬಂದಳು. ಮುಂದೆ ಅವಳ ಕೆಲಸವೂ ಕಾಯಂ ಆಯಿತು. ಅಂದಿನಿಂದ ಪ್ರತಿ ಹೊಸ ತಂಡಕ್ಕೂ ಮೇಡಂ ತಾವೇ ಈ ಪ್ರಸಂಗವನ್ನು, ತಮ್ಮ ಮಾತನ್ನು ಒಂದಿಷ್ಟೂ ನಯಗೊಳಿಸದೆ ಹೇಳುತ್ತ ಬಂದಿದ್ದಾರೆ. ಅವರ ಸ್ಥಾನವನ್ನು ಈಗ ವಹಿಸಿಕೊಳ್ಳುತ್ತಿರುವಾಕೆ ಅದೇ ಮರಿ ಮೇಡಂ.

ನಿವೃತ್ತಿಯ ಬಳಿಕ ಈ ವೃತ್ತಿಗೆ ಬರಲಿರುವ ವಿದ್ಯಾರ್ಥಿಗಳಿಗೆ ಪಾಠ ಹೇಳಲು ಒಪ್ಪಿಕೊಂಡಿರುವ ಮಾನ್ಯರಿಗೆ ಆಯುರಾರೋಗ್ಯಗಳು ತುಂಬಿ ಬರಲಿ. ಅವರನ್ನೇ ಪ್ರಶ್ನಿಸಬಲ್ಲ ಎಳೆಯರು ತರಗತಿಯ ತುಂಬ ಸಿಗಲಿ.