ಮಂದಿ ಇಲ್ಲದ ಟಿ. ನಗರ

ನನ್ನ ಸೋದರಮಾವನ ಹಣೆಯ ಮೇಲೆ ವಿಭೂತಿಯ ಬಿಳಿ ಪಟ್ಟೆ, ಕೆನ್ನೆಗಳ ಮೇಲೆ ಆಮ್ಲಜನಕದ ನಳಿಕೆ ಒತ್ತಿ ಮೂಡಿಸಿದ ಕೆಂಪು ಗೆರೆ. ನಳಿಕೆಯ ಒಂದು ತುದಿ ಮೂಗಿನಲ್ಲಿ, ಇನ್ನೊಂದು ಮಂಚದ ಪಕ್ಕ ದಿನವಿಡೀ ಗೊರಗುಟ್ಟುವ ಯಂತ್ರದಲ್ಲಿ. ನಳಿಕೆ ಎಳೆದಷ್ಟು ದೂರವೇ ಅವರ ಚೆನ್ನೈ. ಅಡುಗೆಮನೆ ಮುಟ್ಟುತ್ತಿತ್ತು, ಬಾಲ್ಕನಿ ಮುಟ್ಟುತ್ತಿರಲಿಲ್ಲ. ಬ್ಯಾಂಕಿನ ಕೆಲಸದಲ್ಲಿ ಊರೂರು ಸುತ್ತಿದ ಮನುಷ್ಯ ಮಾಧವರಂನ ಲಿಫ್ಟಿಲ್ಲದ ಮೂರನೇ ಮಹಡಿಯಲ್ಲಿ ಸಿಕ್ಕಿಕೊಂಡಿದ್ದರು. ಪೆರುಂಗುಡಿಯ ಕಂಪನಿಗೆ ಮನೆಯಿಂದಲೇ ದುಡಿಯುತ್ತಾ, ಅವರೊಬ್ಬರನ್ನೇ ಬಿಟ್ಟು ಹಾಲು ತರಲೂ ಹೋಗಲಾರದೆ ನಾನೂ ಸಿಕ್ಕಿಕೊಂಡಿದ್ದೆ. ಸುಳ್ಳೇಕೆ, ಕೆಲವು ದಿನ ಉಸಿರು ಕಟ್ಟುತ್ತಿದ್ದುದು ನನಗೇ.

ಆಗ ಅವರಿಗೆ ಹಿಡಿದ ಹುಚ್ಚು, ಇಟ್ಟಿಗೆಯ ಮೇಲೆ ಇಟ್ಟಿಗೆ ಇಟ್ಟು ಊರು ಕಟ್ಟುವ ಕಂಪ್ಯೂಟರ್ ಆಟ. ಬೇರೆಯವರೂ ಬಂದು ಆಡುವಂತೆ ಹಳೆಯ ಲ್ಯಾಪ್‌ಟಾಪನ್ನೇ ಸರ್ವರ್ ಮಾಡಿ ಮಂಚದ ಕೆಳಗಿಟ್ಟು, ಅದರಲ್ಲಿ ಚೆನ್ನೈನ ಕಾಲಿಡಲು ಜಾಗವಿಲ್ಲದ ಪೇಟೆ ಟಿ. ನಗರ ಕಟ್ಟಿದರು: ಸೀರೆ ಅಂಗಡಿ, ಚಿನ್ನದಂಗಡಿ, ಫುಟ್‌ಪಾತ್ ನುಂಗಿದ ಹೂವಿನ ಬುಟ್ಟಿಗಳು ಕೂಡ. ನಡುವೆ ತಮಗೊಂದು ಮನೆ. ಅದಕ್ಕೆ ಬಾಗಿಲೇ ಇಲ್ಲ!

"ದೀಪ ಹಚ್ಚೂ ಹೊತ್ತಿನ್ಯಾಗ ಬಾಗಲಾ ಹಾಕಬಾರದವ್ವಾ. ಅದಕ್ಕ ಇಡೂದ ಬ್ಯಾಡ," ಎಂದರು. ನಿಜವಾದ ಮನೆಯಲ್ಲೂ ಅಷ್ಟೇ. ಸಂಜೆ ನಾನು ಮುಂಬಾಗಿಲು ತೆರೆದೇ ದೀಪ ಹಚ್ಚಬೇಕು, ಸೊಳ್ಳೆ ಬಂದರೆ ಬರಲಿ.

ಆಟಕ್ಕೆ ಬರಬೇಕಾದವರು ಬ್ಯಾಂಕಿನ ನಿವೃತ್ತ ಗೆಳೆಯರು: ಸೇಲಂನಲ್ಲೊಬ್ಬರು, ಹುಬ್ಬಳ್ಳಿಯಲ್ಲಿಬ್ಬರು. ಒಬ್ಬರಿಗೂ ಒಳಗೆ ಬರಲಾಗಲಿಲ್ಲ. "ನನಗ ಬರ್ತೈತಲ್ಲ!" ಎಂದು ಮಾವ ಪರದೆ ತೋರಿಸಿ ಸಿಡುಕಿದರು. ನೋಡಿದರೆ, ನಮ್ಮ ನಾಲ್ಕು ಗೋಡೆಯೊಳಗೆ ಮಾತ್ರ ನಡೆಯುವ ಸರ್ವರ್ ವಿಳಾಸವನ್ನೇ ಎಲ್ಲರಿಗೂ ಕಳಿಸಿದ್ದಾರೆ! ಪಾಪ, ಆ ಗೆಳೆಯರು ಅವರವರ ಮನೆಯಲ್ಲೇ ಮಾವನನ್ನು ಹುಡುಕುತ್ತಿದ್ದರು.

ಹೊರಗಿನ ವಿಳಾಸ ಕೊಟ್ಟೆ. ರೂಟರಿನಲ್ಲಿ ಆಟಕ್ಕೆಂದು ದಾರಿ ಬಿಟ್ಟೆ. ಆದರೂ ಇಲ್ಲ. ರೂಟರ್ ಇದ್ದದ್ದು ಮುಂಬಾಗಿಲ ಬಳಿ, ಚಪ್ಪಲಿ ಸ್ಟ್ಯಾಂಡಿನ ಮೇಲೆ, ನಳಿಕೆ ಮುಟ್ಟದ ಜಾಗದಲ್ಲಿ. ನಾನು ಮೀಟಿಂಗಿನಲ್ಲಿದ್ದಾಗ ಮಾವ ನಳಿಕೆ ಕಿತ್ತಿಟ್ಟು ಹೋಗಿ, ಹಾಗಾದರೂ ಸರಿಹೋದೀತೆಂದು ರೂಟರನ್ನು ಆರಿಸಿ ಮತ್ತೆ ಹಾಕುತ್ತಿದ್ದರು. ಒಂದು ಸಂಜೆ ತುಟಿ ನೀಲಿಯಾಗಿ ಗೋಡೆಗೆ ಒರಗಿ ಕುಳಿತಿದ್ದವರನ್ನು ಕಂಡು ಕಿರುಚಿದೆ: "ಜೀವಕ್ಕಿಂತ ಆಟ ಹೆಚ್ಚಾತೇನು ಮಾವಾ!"

ನಳಿಕೆ ಹಾಕಿ, ಉಸಿರು ತಹಬಂದಿಗೆ ಬಂದ ಮೇಲೆ ಅಂದರು: "ಮಂದಿ ಇಲ್ಲದ ಟಿ. ನಗರದಾಗ ಒಬ್ಬಾಕೀನ ಅಡ್ಡಾಡಿ ನೋಡು. ಆಮ್ಯಾಲ ಬೈಯುವಂತಿ."



ಮರುದಿನ ಇಂಟರ್ನೆಟ್‌ನವನನ್ನು ಕರೆಸಿದೆ. "ತೆರುವುಕ್ಕೇ ಒರೇ ಅಡ್ರೆಸ್ ಸಾರ್. ನೀಂಗ ವೆಳಿಯೆ ಪೋಗಲಾಂ. ಯಾರುಂ ಉಳ್ಳೆ ವರ ಮುಡಿಯಾದು," ಎಂದ. ಇಡೀ ಬೀದಿಗೆ ಒಂದೇ ಹೊರವಿಳಾಸವಂತೆ. ನಾವು ಹೊರಗೆ ಹೋಗಬಹುದು, ಹೊರಗಿನವರು ಒಳಗೆ ಬರಲಾರರು. ಮಾವ ಕೆಮ್ಮು ಬರುವಷ್ಟು ನಕ್ಕರು. "ನನಕಿಂತ ಆ ವಾಯರ್ ಚಲೋ ಐತಿ. ಅದು ಹೊರಗರ ಹೋಗ್ತೈತಿ!"

ಹೋಗುವುದಾದರೆ ಹೋಗಲಿ ಎಂದು ನಾನೂ ಹಟಕ್ಕೆ ಬಿದ್ದೆ. ನಮ್ಮ ಸರ್ವರೇ ಹೊರಗೆ ಬಾಡಿಗೆಗೆ ಹಿಡಿದ ಒಂದು ಕಂಪ್ಯೂಟರಿನವರೆಗೆ ಹೋಗಿ ಕೈ ಹಿಡಿದು ನಿಲ್ಲುವಂತೆ, ಗೆಳೆಯರು ಅದರ ಮೂಲಕ ಬರುವಂತೆ ಮಾಡಿದೆ. ಶನಿವಾರ ದೀಪ ಹಚ್ಚುವ ಹೊತ್ತಿಗೆ ಸೇಲಂನವರು ಸೀರೆ ಅಂಗಡಿಯ ಮುಂದೆ ಪ್ರತ್ಯಕ್ಷ! "ವಾಂಗ, ವಾಂಗ! ಬರ್ರಿ!" ಎಂದು ಮಾವ ಮೈಕಿನಲ್ಲಿ ಕೂಗಿದ್ದಕ್ಕೆ ಕೆಳಗಿನ ಮನೆಯವರು ಏನಾಯಿತೋ ಎಂದು ಓಡಿ ಬಂದರು.

ಆಮೇಲೆ ಪ್ರತಿ ಶನಿವಾರ ಮುದುಕರ ಗಲಾಟೆಯೋ ಗಲಾಟೆ. "ನೀ ಹೋಗಿ ಬಾರವ್ವಾ, ನಾವು ಇವನ ಕೆಮ್ಮು ಕೇಳ್ತಿರ್ತೀವಿ. ಏನರ ಆದ್ರ ಫೋನ್ ಮಾಡ್ತೀವಿ," ಎನ್ನುತ್ತಿದ್ದರು ಹುಬ್ಬಳ್ಳಿಯವರಲ್ಲಿ ಹಿರಿಯರು. ಮಾವ ಕೈಬೀಸಿ ಕಳಿಸುತ್ತಿದ್ದರು. ನಾನು ಮೆಟ್ಟಿಲಿಳಿದು ಹಾಲಿನ ಡೈರಿಯವರೆಗೆ ಸುಮ್ಮನೆ ನಡೆಯುತ್ತಿದ್ದೆ. ಅಷ್ಟು ಸುಖ ನನಗೆ ಯಾರೂ ಕೊಟ್ಟಿರಲಿಲ್ಲ.

ಪೊಂಗಲ್ ಕಳೆದ ಮೇಲೆ ಮಾವ ಹೋದರು. ಗೊರಗುಟ್ಟುವ ಯಂತ್ರ ಆರಿಸಿದೆ. ಮಂಚದ ಕೆಳಗಿನದನ್ನೂ ಆರಿಸಿದೆ. ಶನಿವಾರ ಸಂಜೆ ಸೇಲಂನವರ ಫೋನ್: "ಉಳ್ಳೆ... ಒಳಗೆ ಬರಕ್ಕಾಗ್ತಿಲ್ಲಮ್ಮಾ."

"ಮಾವ ಇಲ್ಲವಲ್ಲ ಅಂಕಲ್."

"ಗೊತ್ತಮ್ಮಾ. ಆದ್ರೆ ನಾವು ಎಲ್ಲಿಗೆ ಹೋಗೋದು?"

ಮುಂಬಾಗಿಲು ತೆರೆದು ದೀಪ ಹಚ್ಚಿದೆ. ಸರ್ವರ್ ಹಾಕಿ, ಮೊದಲ ಸಲ ನಾನೇ ಆ ಊರಿಗೆ ಇಳಿದೆ. ಮೂವರೂ ಆಗಲೇ ಮಾವನ ಮನೆಯೊಳಗೆ ನಿಂತಿದ್ದರು. "ಒಳಗ ಬಾರವ್ವಾ," ಎಂದರು ಹುಬ್ಬಳ್ಳಿಯ ಹಿರಿಯರು. ಹೊರಗೆ ನಿಂತಿದ್ದವಳು ನಾನೊಬ್ಬಳೇ.